ಬೇಡದ ರಾಶಿಯಲ್ಲಿದ್ದ ಒಂದು ಪುಟ

ಆಸ್ಪತ್ರೆಯ ನಾಲ್ಕನೇ ಮಹಡಿಯಲ್ಲಿ, ಹಳೆಯ ಎಕ್ಸ್‌ರೇಗಳನ್ನು ಪೇರಿಸಿಟ್ಟ ಉಗ್ರಾಣದ ಪಕ್ಕ, ಅವಳ ಕೋಣೆ. ಬಾಗಿಲಿಗೆ ಮೊಳದುದ್ದದ ಬೋರ್ಡು ಹೊಡೆದಿದ್ದರು. ಅದನ್ನು ಪೂರ್ತಿ ಓದುವ ತಾಳ್ಮೆ ಆ ಕಟ್ಟಡದಲ್ಲಿ ಒಬ್ಬರಿಗೂ ಇರಲಿಲ್ಲ. ಎಲ್ಲರ ಬಾಯಲ್ಲೂ ಅದು ಜರಡಿ ಕೋಣೆ, ಅವಳು ಜರಡಿಯಮ್ಮ. ನಲವತ್ತಾರು ವರ್ಷದ ಹೆಂಗಸಿಗೆ ಇದೆಂಥ ಹೆಸರು ಎಂದು ಅವಳು ಮೊದಮೊದಲು ಮೂಗು ಮುರಿದದ್ದುಂಟು. ಆಮೇಲೆ ಆ ಹೆಸರಿನಿಂದ ಕರೆದರೆ ಮಾತ್ರ ತಿರುಗಿ ನೋಡುವಷ್ಟು ರೂಢಿಯಾಯಿತು.

ಕೆಲಸವೂ ಜರಡಿಯದೇ. ಇಂಥ ಮಾತ್ರೆಯನ್ನು ಜನರಿಗೆ ಧೈರ್ಯವಾಗಿ ಕೊಡಬಹುದೇ ಎಂದು ಮೇಲಿನವರು ಕೇಳುತ್ತಾರೆ. ಆಗ ಅದರ ಬಗ್ಗೆ ಲೋಕದ ಡಾಕ್ಟರುಗಳು ಎಲ್ಲೆಲ್ಲಿ ಏನೇನು ಬರೆದಿದ್ದಾರೋ ಅಷ್ಟನ್ನೂ ತಂದು ಸುರಿದು, ಒಂದೊಂದನ್ನೇ ಓದಿ, ‘ಬೇಕು’ ಇಲ್ಲವೇ ‘ಬೇಡ’ ಎಂದು ಗುರುತು ಹಾಕಬೇಕು. ಆರು ಸಾವಿರ ಬರಹ ಬಂದರೆ ಅರವತ್ತು ಉಳಿದರೆ ಹೆಚ್ಚು. ಉಳಿದದ್ದನ್ನು ನೋಡಿ ದೊಡ್ಡವರು ಮಾರ್ಗಸೂಚಿ ಬರೆಯುತ್ತಾರೆ, ಅದು ಸುತ್ತೋಲೆಯಾಗಿ ಎಲ್ಲ ಆಸ್ಪತ್ರೆಗೂ ಎಲ್ಲ ಔಷಧಿ ಅಂಗಡಿಗೂ ಹೋಗುತ್ತದೆ. ಜರಡಿಯ ತೂತಿನಿಂದ ಕೆಳಗೆ ಬಿದ್ದದ್ದನ್ನು ಮತ್ತೆ ಯಾರೂ ನೋಡುವುದಿಲ್ಲ.

ಅದಕ್ಕೇ ಒಂದು ನಿಯಮವಿತ್ತು: ಪ್ರತಿ ಬರಹವನ್ನೂ ಇಬ್ಬರು ಓದಬೇಕು, ಒಬ್ಬರ ಗುರುತು ಇನ್ನೊಬ್ಬರಿಗೆ ಕಾಣಬಾರದು. ಹನ್ನೊಂದು ವರ್ಷ ಅವಳ ಜೊತೆ ಓದಿದವರು ಮೇಷ್ಟ್ರು. ಹಿಂದೆ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದವರು, ಬಳಪ ಬಿಟ್ಟರೂ ಗದರುವುದನ್ನು ಬಿಟ್ಟಿರಲಿಲ್ಲ. ಇಬ್ಬರೂ ಬೆನ್ನಿಗೆ ಬೆನ್ನು ಮಾಡಿ ಕೂರುತ್ತಿದ್ದರು. ಒಬ್ಬರು ಬೇಕು ಎಂದು ಇನ್ನೊಬ್ಬರು ಬೇಡ ಎಂದರೆ ಮೆಟ್ಟಿಲ ಬಳಿಯ ಚಹಾ ಯಂತ್ರದ ಮುಂದೆ ಜಗಳ ಶುರು. “ಬೇಡ ಅಂತೀಯಲ್ಲ, ಯಾಕೆ ಬೇಡ ಹೇಳು ತಾಯಿ” ಎಂದು ಅವರು ಲೋಟ ಹಿಡಿದು ನಿಂತರೆ, ಚಹಾ ಆರಿ ನೀರಾದರೂ ಬಿಡುತ್ತಿರಲಿಲ್ಲ.

ಹೋದ ವರ್ಷ ಮೇಷ್ಟ್ರು ನಿವೃತ್ತರಾದರು. ಅವರ ಜಾಗಕ್ಕೆ ಮನುಷ್ಯರು ಬರಲಿಲ್ಲ, ಕೃತಕ ಬುದ್ಧಿಮತ್ತೆಯ ಒಂದು ವ್ಯವಸ್ಥೆ ಬಂತು. ಮೊದಲ ಐನೂರು ಬರಹಗಳನ್ನು ಅವಳು ಓದಿ ಗುರುತು ಹಾಕಿ ತೋರಿಸಬೇಕು. ಅದನ್ನು ನೋಡಿ ಅದು ಕಲಿತು, ಮಿಕ್ಕ ಸಾವಿರಾರನ್ನು ತಾನೇ ಬೇರೆ ಮಾಡುತ್ತದೆ. ಆಸ್ಪತ್ರೆಯವರು ಅದಕ್ಕೆ ಕಿರಿಮೇಷ್ಟ್ರು ಎಂದು ಹೆಸರಿಟ್ಟು ನಕ್ಕರು. ಜಗಳವಿಲ್ಲ, ಕೆಮ್ಮಿಲ್ಲ, ರಜೆ ಕೇಳುವುದಿಲ್ಲ, ಇಂಥ ಜೊತೆಗಾರ ಯಾರಿಗುಂಟು ಎಂದು ಘಟಕದ ಮುಖ್ಯಸ್ಥೆ ಡಾಕ್ಟ್ರಮ್ಮ ಬೀಗಿದರು.

ಕಿರಿಮೇಷ್ಟ್ರಿಗೆ ಪಾಠ ಶುರುವಾದದ್ದು ಅವಳ ಅಕ್ಕ ತೀರಿಕೊಂಡ ಮೂರನೇ ವಾರದಲ್ಲಿ.

ಅಕ್ಕನಿಗೆ ಐವತ್ತೆರಡು. ಇನ್ನೊಂದು ಊರಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದಳು. ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡೇ ಊರ ಸುದ್ದಿಯನ್ನೆಲ್ಲ ಹೇಳುವ ಗಟ್ಟಿಗಿತ್ತಿ. ಕಾಲಿನ ನರನೋವಿಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಳು, ಅದು ಬಿಟ್ಟರೆ ರೋಗವೆಂಬುದು ಅವಳ ಹತ್ತಿರ ಸುಳಿದದ್ದಿಲ್ಲ. ಒಂದು ಬೆಳಿಗ್ಗೆ ಒಗೆದ ಬಟ್ಟೆ ಹರವುತ್ತಿದ್ದವಳು ಹಗ್ಗ ಹಿಡಿದುಕೊಂಡೇ ಕುಸಿದಳು. ಭಾವ ಆಸ್ಪತ್ರೆಗೆ ಎತ್ತಿಕೊಂಡು ಓಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೃದಯ ನಿಂತಿತು ಎಂದು ಬರೆದುಕೊಟ್ಟರು. ಹೃದಯ ನಿಲ್ಲದೆ ಸತ್ತವರು ಯಾರಿದ್ದಾರೆ? ಆದರೆ ಆ ಹೊತ್ತಿನಲ್ಲಿ ಅದನ್ನು ಕೇಳುವ ಬಾಯಿ ಯಾರಿಗೂ ಇರಲಿಲ್ಲ.

ತಂಗಿಗೆ ಅಳು ಬರಲಿಲ್ಲ. ಬರುತ್ತದೆ, ಬರುತ್ತದೆ ಎಂದು ಎಲ್ಲರೂ ಕಾದರು, ಅವಳೂ ಕಾದಳು. ನಾಲ್ಕನೇ ದಿನ ಕೆಲಸಕ್ಕೆ ಬಂದಳು. ತಲೆ ಬಾಚುತ್ತಿದ್ದಳು, ಬಸ್ಸು ಹತ್ತುತ್ತಿದ್ದಳು, ಡಬ್ಬಿಯಲ್ಲಿ ತಂದದ್ದನ್ನು ತಿಂದು ಡಬ್ಬಿ ತೊಳೆದಿಡುತ್ತಿದ್ದಳು. ತಿಂದದ್ದರ ರುಚಿ ಕೇಳಿದರೆ ಹೇಳಲಾರಳು. ಒಳಗೆ ಏನೋ ಮರಗಟ್ಟಿ ಕೂತಿತ್ತು. ಜೋಮು ಹಿಡಿದ ಕಾಲನ್ನು ಮುಟ್ಟಿದರೆ ಬೇರೆಯವರ ಕಾಲು ಮುಟ್ಟಿದ ಹಾಗಿರುತ್ತದಲ್ಲ, ಹಾಗೆ. ಆ ಸ್ಥಿತಿಯಲ್ಲೇ ಕಿರಿಮೇಷ್ಟ್ರಿಗೆ ಐನೂರು ಬರಹಗಳ ಪಾಠ ಮಾಡಿದಳು. ಪ್ರಶ್ನೆ ಇದ್ದದ್ದು ಅದೇ ನರನೋವಿನ ಮಾತ್ರೆಯ ಬಗ್ಗೆ. ಲಕ್ಷಾಂತರ ಜನ ನುಂಗುವ ಮಾತ್ರೆ, ಅದರಲ್ಲೇನು ವಿಶೇಷ ಎಂದು ಅವಳಿಗೆ ಅನ್ನಿಸಲೂ ಇಲ್ಲ.

ಅಲ್ಲಿಂದ ಎಂಟು ತಿಂಗಳು. ಪ್ರತಿ ಭಾನುವಾರ ಹತ್ತು ಗಂಟೆಗೆ ಸರಿಯಾಗಿ ಭಾವನ ಫೋನು ಬರುತ್ತಿತ್ತು. ಭಾವನದು ಔಷಧಿ ಅಂಗಡಿ. ಮೂವತ್ತು ವರ್ಷದಿಂದ ಅದೇ ಗಲ್ಲಾದ ಹಿಂದೆ ನಿಂತವರು, ಮಾತು ಅಳೆದು ತೂಗಿ ಆಡುವವರು.

“ಊಟ ಮಾಡಿದ್ಯಾ ಪುಟ್ಟಿ?”

“ಹತ್ತು ಗಂಟೆಗೆ ಎಂಥ ಊಟ ಭಾವ? ತಿಂಡಿ ಆಯ್ತು.”

“ನಿಮ್ಮ ಕೋಣೆಗೆ ಹೊಸದೇನಾದ್ರೂ ಬಂತಾ?”

“ಏನಿಲ್ಲ. ಬರ್ತಾನೇ ಇರುತ್ತೆ, ರಾಶಿ ರಾಶಿ.”

“ಹೂಂ. ಸರಿ ಹಾಗಾದ್ರೆ. ಇಡ್ಲಾ?”

ಪ್ರತಿ ವಾರ ಇದೇ ಮಾತು. ಪಾಪ, ಮಾತಾಡಲು ಬೇರೆ ವಿಷಯವಿಲ್ಲ, ಅದಕ್ಕೆ ಕೆಲಸದ ಬಗ್ಗೆ ವಿಚಾರಿಸುತ್ತಾರೆ ಎಂದುಕೊಂಡು ಅವಳು ಫೋನು ಇಡುತ್ತಿದ್ದಳು. ಅಕ್ಕನ ಹೆಸರನ್ನು ಇಬ್ಬರೂ ಎತ್ತುತ್ತಿರಲಿಲ್ಲ.

ಪರಿಶೀಲನೆ ಮುಗಿಯುವ ಹಂತಕ್ಕೆ ಬಂತು. ಮಾತ್ರೆಗೆ ಒಳ್ಳೆಯ ಹೆಸರೇ ಬಂದಿತ್ತು. ನರನೋವು ಎಂದು ಬಂದವರಿಗೆ ಮೊದಲು ಇದನ್ನೇ ಕೊಡಿ ಎಂದು ಮಾರ್ಗಸೂಚಿಯ ಕರಡಿನಲ್ಲಿ ಬರೆದಾಗಿತ್ತು. ಕೊನೆಯದಾಗಿ, ಈ ಎಂಟು ತಿಂಗಳಲ್ಲಿ ಹೊಸದಾಗಿ ಬಂದ ಬರಹಗಳನ್ನೂ ಜರಡಿಗೆ ಹಾಕಬೇಕು. ಮುನ್ನೂರ ನಲವತ್ತು ಇದ್ದವು. ಕಿರಿಮೇಷ್ಟ್ರು ಕಣ್ಣು ಮಿಟುಕಿಸುವಷ್ಟರಲ್ಲಿ ಮುನ್ನೂರ ಮೂವತ್ತೊಂದನ್ನು ಬೇಡದ ರಾಶಿಗೆ ತಳ್ಳಿತು. ಆ ರಾಶಿಯಿಂದ ಮೂವತ್ತನ್ನು ಚೀಟಿ ಎತ್ತಿದಂತೆ ಎತ್ತಿ ಮನುಷ್ಯರು ಪೂರ್ತಿ ಓದಬೇಕೆಂಬುದು ಡಾಕ್ಟ್ರಮ್ಮನ ಕಟ್ಟಪ್ಪಣೆ. ಗುರುವಾರ ಬೆಳಿಗ್ಗೆ ಅವಳು ಓದಲು ಕೂತಳು.

ಹದಿನೇಳನೆಯದು ಒಂದೇ ಪುಟ. ಸಂಶೋಧನೆಯಲ್ಲ, ಒಬ್ಬ ಡಾಕ್ಟರು ಪತ್ರಿಕೆಗೆ ಬರೆದ ಕಾಗದ. ನರನೋವಿನ ಆ ಮಾತ್ರೆಯ ಜೊತೆಗೆ ಫಂಗಸ್‌ಗೆ ಕೊಡುವ ಒಂದು ಮಾತ್ರೆ ಸೇರಿದ ಮೂವರಲ್ಲಿ ಹೃದಯದ ಬಡಿತ ಏರುಪೇರಾಯಿತು, ಇಬ್ಬರು ತೀರಿಕೊಂಡರು ಎಂದು ಬರೆದಿದ್ದರು. ಮೊದಲನೇ ರೋಗಿ ಒಬ್ಬ ಗಡಿಯಾರ ರಿಪೇರಿಯವರು, ಬದುಕಿಕೊಂಡಿದ್ದರು. ಎರಡನೇ ರೋಗಿ: ಐವತ್ತೆರಡು ವರ್ಷದ ಮಹಿಳೆ, ಹೊಲಿಗೆ ಕಲಿಸುವವರು, ಬೆಳಿಗ್ಗೆ ಬಟ್ಟೆ ಒಣಹಾಕುವಾಗ ಕುಸಿದರು. ಎರಡನೇ ಮಾತ್ರೆಯ ವಿಷಯ ಆಸ್ಪತ್ರೆಯ ದಾಖಲೆಯಲ್ಲಿ ಇರಲಿಲ್ಲ, ಆಮೇಲೆ ತಿಳಿದುಬಂತು.

ಕೆಳಗೆ ಡಾಕ್ಟರ ಹೆಸರು, ಅವರ ಆಸ್ಪತ್ರೆ, ಅಕ್ಕನ ಊರು.

ಅವಳು ಮತ್ತೊಮ್ಮೆ ಓದಿದಳು. ಎದೆ ಹೊಡೆದುಕೊಳ್ಳಬೇಕಿತ್ತು, ಹೊಡೆದುಕೊಳ್ಳಲಿಲ್ಲ. ಅಕ್ಕ ಸಾಯುವ ಒಂದು ವಾರ ಮೊದಲು ಅವಳು ಅಲ್ಲಿಗೆ ಹೋಗಿದ್ದಳು. ಅಕ್ಕ ಹೆಬ್ಬೆರಳು ತೋರಿಸಿ ನಕ್ಕಿದ್ದಳು: “ಉಗುರು ನೋಡು, ಹೇಗೆ ಕೆಟ್ಟಿದೆ! ಫಂಗಸ್ ಅಂತೆ. ನಿಮ್ಮ ಭಾವನೇ ನಂಗೆ ದೊಡ್ಡ ಡಾಕ್ಟ್ರು. ಅಂಗಡಿಯಿಂದ ಮಾತ್ರೆ ಎತ್ತಿ ಕೊಟ್ಟಿದ್ದಾರೆ, ಹದಿನೈದು ದಿನದಲ್ಲಿ ಮಾಯ.” ಭಾವ ಪಕ್ಕದಲ್ಲೇ ಕೂತು ಪತ್ರಿಕೆ ಓದುತ್ತಿದ್ದರು, ತಲೆ ಎತ್ತದೆ ನಕ್ಕಿದ್ದರು.

ಭಾವನ ಕೈಯಿಂದಲೇ ಹೋದ ಮಾತ್ರೆ.

ತೆರೆಯ ಮೇಲೆ ಎರಡು ಗುಂಡಿ ಇದ್ದವು. ‘ಬೇಡ’ ಒತ್ತಿದರೆ ಇಬ್ಬರೂ ಒಪ್ಪಿದಂತಾಯಿತು. ಈ ಪುಟ ಮತ್ತೆ ಯಾರ ಕಣ್ಣಿಗೂ ಬೀಳುವುದಿಲ್ಲ. ‘ಬೇಕು’ ಒತ್ತಿದರೆ ಇದು ಡಾಕ್ಟ್ರಮ್ಮನ ಮೇಜಿಗೆ ಹೋಗುತ್ತದೆ, ಅಲ್ಲಿಂದ ಸುತ್ತೋಲೆಗೆ. ಆ ಸುತ್ತೋಲೆ ಒಂದು ದಿನ ಭಾವನ ಅಂಗಡಿಗೂ ಬರುತ್ತದೆ. ಕನ್ನಡಕ ಹಣೆಗೇರಿಸಿ, ಕಾಗದ ಮೂಗಿನ ಹತ್ತಿರ ಹಿಡಿದು ಅವರು ಓದುತ್ತಾರೆ. ಎರಡೂ ಮಾತ್ರೆಯ ಹೆಸರು ಅಕ್ಕಪಕ್ಕದಲ್ಲಿರುತ್ತದೆ. ಆಮೇಲೆ ಆ ಮನುಷ್ಯ ಹೇಗೆ ಅಂಗಡಿ ತೆರೆದಾರು, ಹೇಗೆ ಅನ್ನ ನುಂಗಿಯಾರು?

ಅವಳು ಬೇಡದ ಮೇಲೆ ಬೆರಳಿಟ್ಟಳು. ಯಾರು ತಾನೇ ಬೈದಾರು? ಯಂತ್ರ ಮೊದಲೇ ಬೇಡ ಎಂದಿದೆ. ಅವಳು ಹೊಸದಾಗಿ ಮಾಡುವ ತಪ್ಪು ಏನೂ ಇಲ್ಲ.

ಬೆರಳು ಅಲ್ಲೇ ಇತ್ತು. ಬೆನ್ನ ಹಿಂದೆ ಮೇಷ್ಟ್ರ ಖಾಲಿ ಕುರ್ಚಿ. ಯಾಕೆ ಬೇಡ ಹೇಳು ತಾಯಿ. ಹನ್ನೊಂದು ವರ್ಷ ಕೇಳಿದ ಮಾತು, ಹಾಳಾದ್ದು, ಕಿವಿ ಬಿಟ್ಟು ಹೋಗಿರಲಿಲ್ಲ. ಕಿರಿಮೇಷ್ಟ್ರನ್ನು ಅವಳು ಒಂದು ದಿನವೂ ಯಾಕೆ ಎಂದು ಕೇಳಿರಲಿಲ್ಲ. ಕೇಳುವುದಕ್ಕೆ ಮೂಲೆಯಲ್ಲಿ ಒಂದು ಸಣ್ಣ ಗುಂಡಿ ಇತ್ತು. ಒತ್ತಿದಳು.

ಉತ್ತರ ಕೂಡಲೇ ಬಂತು. ‘ತರಬೇತಿಯಲ್ಲಿ ನೀವು ಬೇಡ ಎಂದು ಗುರುತಿಸಿದ 61 ಬರಹಗಳನ್ನು ಇದು ಹೋಲುತ್ತದೆ.’ ಕೆಳಗೆ ಅರವತ್ತೊಂದರ ಪಟ್ಟಿ. ಎಲ್ಲವೂ ಒಂದು ಪುಟದ ಕಾಗದಗಳು. ಪ್ರತಿಯೊಂದರ ಪಕ್ಕ ಅವಳು ಅದರ ಮೇಲೆ ಕಳೆದ ಸಮಯ: ಎರಡು ಸೆಕೆಂಡು, ಮೂರು ಸೆಕೆಂಡು, ಎರಡು ಸೆಕೆಂಡು.

ಒಂದನ್ನೂ ತೆರೆದಿರಲಿಲ್ಲ. ಮಾತ್ರೆಯಿಂದ ತೊಂದರೆಯಾಯಿತೆಂದು ಡಾಕ್ಟರುಗಳು ಬರೆದ ಕಾಗದಗಳನ್ನು ತಪ್ಪದೆ ತೆಗೆದುಕೊಳ್ಳಬೇಕು ಎಂಬ ನಿಯಮವನ್ನು ಬರೆದು ಗೋಡೆಗೆ ಅಂಟಿಸಿದವಳೇ ಅವಳು. ಆದರೂ ಯಾಕೆ ತೆರೆಯಲಿಲ್ಲ ಎಂದು ಈಗ ಅವಳಿಗೆ ಚೆನ್ನಾಗಿ ಗೊತ್ತಾಯಿತು. ದೊಡ್ಡ ಸಂಶೋಧನೆಯಲ್ಲಿ ರೋಗಿಗಳು ಶೇಕಡಾ ಇಷ್ಟು ಎಂದು ಬರುತ್ತಾರೆ. ಈ ಕಾಗದಗಳಲ್ಲಿ ಮನುಷ್ಯರೇ ಬರುತ್ತಾರೆ. ವಯಸ್ಸು ಇಷ್ಟು, ಮಾಡುವ ಕೆಲಸ ಇಂಥದ್ದು, ಬಿದ್ದದ್ದು ಇಂಥ ಹೊತ್ತಿಗೆ. ಅಕ್ಕ ಹೋದ ಮೂರನೇ ವಾರದಲ್ಲಿ ಇನ್ನೊಬ್ಬರು ಎಲ್ಲಿ ಬಿದ್ದರು ಎಂದು ಓದುವ ಶಕ್ತಿ ಅವಳಿಗಿರಲಿಲ್ಲ. ಬೇಡ ಬೇಡ ಬೇಡ ಎಂದು ಒತ್ತುತ್ತಾ ಹೋಗಿದ್ದಳು. ಪಕ್ಕದಲ್ಲಿ ಆ ವಿಧೇಯ ವಿದ್ಯಾರ್ಥಿ ಅದನ್ನೇ ಪಾಠವೆಂದು ಬಾಯಿಪಾಠ ಮಾಡಿಕೊಂಡಿತ್ತು.

ಪಟ್ಟಿಯ ಮೊದಲನೆಯದನ್ನು ತೆರೆದಳು. ಎಲ್ಲಿಯದೋ ದೇಶದ ಬಸ್ ಚಾಲಕ, ಮೂವತ್ತೊಂಬತ್ತು ವರ್ಷ, ಅದೇ ಎರಡು ಮಾತ್ರೆ. ಬಸ್ಸನ್ನು ಪಕ್ಕಕ್ಕೆ ತಂದು ನಿಲ್ಲಿಸಿ ಪ್ರಾಣ ಬಿಟ್ಟಿದ್ದ. ಆ ಕಾಗದ ಅಚ್ಚಾಗಿ ಮೂರು ವರ್ಷವಾಗಿತ್ತು. ಅವಳು ಅದಕ್ಕೆ ಕೊಟ್ಟದ್ದು ಎರಡು ಸೆಕೆಂಡು.

ಹದಿನೇಳನೆಯದಕ್ಕೆ ‘ಬೇಕು’ ಒತ್ತಿ, ಎದ್ದು ಡಾಕ್ಟ್ರಮ್ಮನ ಕೋಣೆಗೆ ಹೋದಳು.

ಡಾಕ್ಟ್ರಮ್ಮ ಎಲ್ಲವನ್ನೂ ಕೇಳಿದರು. ಕೇಳುತ್ತಾ ಕೇಳುತ್ತಾ ಅವರ ಮುಖ ಕೆಂಪಾಯಿತು. “ಅರವತ್ತೊಂದೂ? ಒಂದನ್ನೂ ತೆರೆದು ನೋಡಲಿಲ್ವಾ? ಅಯ್ಯೋ ನಿನ್ನ! ಅದನ್ನ ನೋಡಿ ಅದು ಎಷ್ಟು ಎಸೆದಿದೆಯೋ! ಎಂಟು ತಿಂಗಳ ಕೆಲಸ ನೀರಲ್ಲಿ ಹೋಮ ಮಾಡಿದ ಹಾಗಾಯ್ತಲ್ಲ!” ಎಂದು ಮೇಜು ಗುದ್ದಿದರು. ಗುದ್ದಿಗೆ ಉರುಳಿದ ಪೆನ್ನನ್ನು ಅವಳು ಎತ್ತಿ ಅದರ ಜಾಗದಲ್ಲಿಟ್ಟಳು. ಅದನ್ನು ನೋಡಿಯೇ ಏನೋ ಅವರ ದನಿ ಇಳಿಯಿತು. “ಅವತ್ತೇ ಹೇಳಬಾರದಿತ್ತಾ, ಆಗ್ತಾ ಇಲ್ಲ ಅಂತ? ರಜೆ ಕೊಡ್ತಿರಲಿಲ್ವಾ ನಾನು?”

“ಆಗ್ತಾ ಇದೆ ಅಂತಲೇ ಅಂದ್ಕೊಂಡಿದ್ದೆ ಡಾಕ್ಟ್ರೇ.”

ನಿಯಮ ನಿಯಮವೇ. ಪರಿಶೀಲಿಸುವ ವಿಷಯಕ್ಕೂ ಪರಿಶೀಲಿಸುವವರಿಗೂ ನಂಟಿದ್ದರೆ ಘೋಷಣಾ ಪತ್ರ ತುಂಬಿ ಹೊರಗೆ ಹೋಗಬೇಕು. ‘ನಂಟಿನ ಸ್ವರೂಪ’ ಎಂಬಲ್ಲಿ ಅವಳು ‘ಎರಡನೇ ರೋಗಿ ನನ್ನ ಅಕ್ಕ’ ಎಂದು ಬರೆದಳು. ಅಕ್ಷರಗಳು ದುಂಡಗೆ ಬಂದವು. ಆ ದಿನದಿಂದ ಆ ಮಾತ್ರೆಯ ಕಡತ ಅವಳಿಗೆ ಮುಚ್ಚಿತು.

ಮೇಷ್ಟ್ರಿಗೆ ಕರೆ ಹೋಯಿತು. ಗಂಟುಮೂಟೆ ಕಟ್ಟಿಕೊಂಡು ಕಾದಿದ್ದವರಂತೆ ಮರುದಿನವೇ ಬಂದು ತಮ್ಮ ಕುರ್ಚಿಯಲ್ಲಿ ಕೂತರು. ಐನೂರನ್ನೂ ಮೊದಲಿನಿಂದ ಓದಿದರು, ಕಿರಿಮೇಷ್ಟ್ರಿಗೆ ಪಾಠ ತಿದ್ದಿದರು. “ತಪ್ಪು ಕಲಿಸಿದ್ರೆ ತಪ್ಪು ಕಲಿಯುತ್ತೆ, ಸರಿ ಕಲಿಸಿದ್ರೆ ಒಂದೇ ಗಂಟೆಗೆ ತಿದ್ದಿಕೊಳ್ಳುತ್ತೆ. ನನ್ನ ಶಾಲೆಯಲ್ಲಿ ಇಂಥ ಒಂದು ಮಗು ಇರಲಿಲ್ಲ ಕಣಮ್ಮ” ಎಂದು ಬೆರಗಾದರು. ತಿದ್ದಿದ ಮೇಲೆ ಅದೇ ಯಂತ್ರ ಬೇಡದ ರಾಶಿಯ ತಳದಿಂದ ಆ ಎರಡು ಮಾತ್ರೆಗಳ ಬಗ್ಗೆ ಬರೆದ ಐದು ಕಾಗದಗಳನ್ನು ಎತ್ತಿ ಮೇಲಿಟ್ಟಿತು. ಐದು ಕಾಗದ, ಹನ್ನೊಂದು ಜನ. ಮೇಷ್ಟ್ರು ಅವಳಿಗೆ ಇದಕ್ಕಿಂತ ಹೆಚ್ಚು ಹೇಳುವಂತಿರಲಿಲ್ಲ, ಹೇಳಲೂ ಇಲ್ಲ. ಹೋಗುವಾಗ ಚಹಾ ತಂದು ಅವಳ ಮುಂದಿಟ್ಟು, ಅವಳು ಕುಡಿದು ಮುಗಿಸುವ ತನಕ ನಿಂತಿದ್ದರು.

ಸುತ್ತೋಲೆ ಅಚ್ಚಾಗಿ ಬಂತು. ಈ ಎರಡು ಮಾತ್ರೆಗಳನ್ನು ಒಟ್ಟಿಗೆ ಕೊಡಬಾರದು. ಕೊಡುವ ಮುಂಚೆ ಕೇಳಬೇಕು. ಅಂಚೆಗೆ ಬೀಳುವ ಮೊದಲೇ ಒಂದು ಪ್ರತಿಯನ್ನೂ ಆ ಒಂದು ಪುಟವನ್ನೂ ಚೀಲದಲ್ಲಿ ಹಾಕಿಕೊಂಡು ಅವಳು ಅಕ್ಕನ ಊರಿನ ಬಸ್ಸು ಹತ್ತಿದಳು. ಬೇರೆಯವರ ಕೈಯಿಂದ ಭಾವನಿಗೆ ತಲುಪುವುದು ಬೇಡ. ದಾರಿಯುದ್ದಕ್ಕೂ ಹೇಗೆ ಶುರು ಮಾಡಲಿ ಎಂದು ಯೋಚಿಸಿದಳು. ನಿಮ್ಮ ತಪ್ಪಿಲ್ಲ ಎನ್ನಲೇ? ಯಾರಿಗೂ ಗೊತ್ತಿರಲಿಲ್ಲ ಎನ್ನಲೇ? ಒಂದು ವಾಕ್ಯವೂ ಕೂಡಿಬರಲಿಲ್ಲ.

ಅಂಗಡಿಯಲ್ಲಿ ಮಧ್ಯಾಹ್ನದ ಬಿಡುವು. ಭಾವ ಕತ್ತರಿಯಿಂದ ಮಾತ್ರೆಯ ಹಾಳೆ ಕತ್ತರಿಸುತ್ತಿದ್ದರು. ಅವಳನ್ನು ಕಂಡು ಕತ್ತರಿ ಕೆಳಗಿಟ್ಟರು. ಅವಳು ಚೀಲದಿಂದ ಸುತ್ತೋಲೆಯನ್ನು ತೆಗೆದು ಗಲ್ಲಾದ ಮೇಲಿಟ್ಟಳು. ಅವರು ಕನ್ನಡಕ ಹಣೆಗೇರಿಸಿ, ಕಾಗದ ಮೂಗಿನ ಹತ್ತಿರ ಹಿಡಿದು, ನಿಧಾನವಾಗಿ ಓದಿದರು.

“ಬಂತಾ?” ಅಂದರು. “ಕೂತ್ಕೋ.”

ಅವಳಿಗೆ ಅರ್ಥವಾಗಲಿಲ್ಲ. “ಭಾವ, ಅಕ್ಕನ ಉಗುರಿಗೆ…”

“ಗೊತ್ತು. ನಾನೇ ಹೋಗಿ ಹೇಳಿದ್ದು ಆ ಡಾಕ್ಟ್ರಿಗೆ.” ಅವರು ಸುತ್ತೋಲೆಯ ಮಡಿಕೆಯನ್ನು ಉಗುರಿನಿಂದ ತೀಡಿದರು. “ಅವಳು ಹೋಗಿ ಹನ್ನೆರಡು ದಿನ ಆಗಿತ್ತು. ಶೆಲ್ಫ್ ಒರೆಸ್ತಾ ಇದ್ದೆ, ಆ ಡಬ್ಬಿ ಕೈಗೆ ಬಂತು. ಒಳಗಿನ ಚೀಟಿ ಬಿಡಿಸಿ ಓದಿದೆ. ಮೂವತ್ತು ವರ್ಷ ಮಾರಿದೀನಿ ಪುಟ್ಟಿ, ಆ ಚೀಟಿ ಒಂದು ಸಲಾನೂ ಓದಿರಲಿಲ್ಲ. ಹೃದಯದ ವಿಷಯ ಸಣ್ಣ ಅಕ್ಷರದಲ್ಲಿ ಏನೋ ಇತ್ತು. ಅನುಮಾನ ಬಂತು. ಹೋಗಿ ಎಲ್ಲ ಹೇಳಿದೆ. ಬರೀರಿ ಡಾಕ್ಟ್ರೇ, ಇನ್ನೊಬ್ಬರ ಮನೆಯಲ್ಲಿ ಹೀಗಾಗಬಾರದು ಅಂದೆ.”

“ನಂಗೆ ಯಾಕೆ ಹೇಳಲಿಲ್ಲ?”

“ಹೇಗೆ ಹೇಳ್ಲಿ? ನಿಮ್ಮಕ್ಕನಿಗೆ ನಾನೇ ಕೊಟ್ಟೆ ಅಂತ ಫೋನಲ್ಲಿ ಹೇಳೋ ಮಾತಾ ಅದು? ಬಾಯಿ ಬರಲಿಲ್ಲ. ಎಲ್ಲಿ ಬರೆದ್ರೂ ಕೊನೆಗೆ ನಿಮ್ಮ ಕೋಣೆಗೆ ಬರಲೇಬೇಕಲ್ಲ, ಅಲ್ಲಿ ಓದ್ತೀಯ, ಓದಿ ಬೈತೀಯ ಅಂತ ಕಾಯ್ತಿದ್ದೆ. ಪ್ರತಿ ಭಾನುವಾರ ಕೇಳ್ತಿದ್ನಲ್ಲ, ಹೊಸದೇನಾದ್ರೂ ಬಂತಾ ಅಂತ.”

ಅವಳು ಸ್ಟೂಲಿನ ಮೇಲೆ ಕುಸಿದು ಕೂತಳು. “ಒಂದು ಪುಟದ್ದನ್ನೆಲ್ಲ ನಾನು ಓದದೆ ಎಸೆದೆ ಭಾವ. ಯಂತ್ರಕ್ಕೂ ಹಾಗೇ ಎಸೆಯೋಕೆ ಕಲಿಸಿದೆ. ನಿಮ್ಮ ಕಾಗದವನ್ನೂ ಅದು ಎಸೆದಿತ್ತು.”

ಭಾವ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಒಬ್ಬರು ಚೀಟಿ ಹಿಡಿದು ಬಂದರು. ಅದೇ ನರನೋವಿನ ಮಾತ್ರೆ. ಭಾವ ಕೇಳಿದರು, “ಜೊತೆಗೆ ಬೇರೆ ಏನಾದ್ರೂ ತಗೋತಿದ್ದೀರಾ?”

“ಇಲ್ಲ.”

“ಚರ್ಮಕ್ಕೆ? ಉಗುರಿಗೆ?”

“ಏನ್ರೀ ನೀವು, ಹೋದ ತಿಂಗಳೂ ಇದೇ ಕೇಳಿದ್ರಿ, ಅದರ ಹಿಂದಿನ ತಿಂಗಳೂ ಇದೇ! ಇಲ್ಲ ಅಂದ್ನಲ್ಲ” ಎಂದು ಅವರು ಗೊಣಗುತ್ತಾ ಪೊಟ್ಟಣ ಎತ್ತಿಕೊಂಡು ಹೋದರು.

ಭಾವ ಸುತ್ತೋಲೆಯನ್ನು ಗೋಡೆಯ ಮೊಳೆಗೆ ಚುಚ್ಚಿದರು. ಆಮೇಲೆ ಬಂದು ಅವಳ ಎದುರು ಕೂತರು. “ಆ ಡಾಕ್ಟ್ರು ಬರೆದದ್ದು ತಂದಿದೀಯಾ? ಕೊಡ್ತೀನಿ ಅಂದಿದ್ರು, ನಾನೇ ಬೇಡ ಅಂದೆ. ಒಬ್ಬನೇ ಓದೋಕೆ ಆಗಲ್ಲ. ನೀನೇ ಓದು, ಕೇಳ್ತೀನಿ.”

ಅವಳು ಚೀಲದಿಂದ ಆ ಪುಟ ತೆಗೆದಳು. ಗಡಿಯಾರ ರಿಪೇರಿಯವರದನ್ನು ಎಂದಿನ ದನಿಯಲ್ಲೇ ಓದಿ, ಅವರು ಬದುಕಿದ್ದಾರೆ ಎಂಬಲ್ಲಿಗೆ ತಂದಳು. ಆಮೇಲೆ, “ಎರಡನೇ ರೋಗಿ” ಎಂದು ಓದಿದಳು. “ಐವತ್ತೆರಡು ವರ್ಷದ ಮಹಿಳೆ. ಹೊಲಿಗೆ ಕಲಿಸುವವರು.”

ಅಲ್ಲಿ ದನಿ ಒಡೆಯಿತು. ಇಷ್ಟು ತಿಂಗಳು ಬಾರದ್ದು ಬಂತು. ಹಾಳೆಯ ಮೇಲಿನ ಅಕ್ಷರಗಳು ಕಲಸಿಹೋದವು. ಅಕ್ಕಾ ಎಂದು ಅವಳು ಗಲ್ಲಾದ ಮೇಲೆ ತಲೆಯಿಟ್ಟು ಅತ್ತಳು.

ಭಾವ ಅಳಬೇಡ ಎನ್ನಲಿಲ್ಲ. ಒಂದು ಲೋಟ ನೀರು ತಂದು ಪಕ್ಕದಲ್ಲಿಟ್ಟು ಕಾದರು. ಅವಳು ತಲೆ ಎತ್ತಿದ ಮೇಲೆ, “ಮುಂದೆ ಓದು ಪುಟ್ಟಿ” ಅಂದರು. “ಎಲ್ಲೂ ಬಿಡಬೇಡ.”

ಅವಳು ಕಣ್ಣೊರೆಸಿಕೊಂಡು ಓದಿದಳು.